ಸೇವೆಯನ್ನು ಸ್ವೀಕರಿಸುವವನ ಧರ್ಮ

ಕೊಡುವವನ ಧರ್ಮವನ್ನು ಕುರಿತು ನಮ್ಮ ಶಾಸ್ತ್ರಕಾರರು ವಿಸ್ತಾರವಾಗಿ ವಿಚಾರಮಾಡಿರುವರು. ಯಾವ ದೇಶದಲ್ಲಿ ಕೊಡಬೇಕು, ಯಾವ ಕಾಲದಲ್ಲಿ ಕೊಡಬೇಕು, ಎಂತಹ ಪಾತ್ರನಿಗೆ ಕೊಡಬೇಕು, ಎಂತಹ ಮನಸ್ಸಿನಿಂದ ಕೊಡಬೇಕು ಎಂಬುದೆಲ್ಲವೂ ಅಲ್ಲಿ ನಿರ್ಣಯವಾಗಿರುತ್ತದೆ. ಆದರೆ ಕೊಡುವವನೊಬ್ಬನಿರುವಲ್ಲಿ ಪಡೆಯುವವನೊಬ್ಬನು ಇರಲೇಬೇಕಷ್ಟೆ. ಅವನ ಧರ್ಮವೇನು? ಈ ವಿಷಯದಲ್ಲಿ ಶಾಸ್ತ್ರವು ಹೇಳುವುದು ಬಹುಮಟ್ಟಿಗೆ ಎಚ್ಚರಿಕೆಯ ಮಾತೇ ಆಗಿದೆ. ಮನುವು ಬ್ರಾಹ್ಮಣನಿಗೆ ಹೇಳಿದ ಆರು ಕರ್ಮಗಳಲ್ಲಿ ಪ್ರತಿಗ್ರಹವೂ ಒಂದಾದರೂ, ಅದರಲ್ಲಿ ಆಸಕ್ತನಾದವನ ತೇಜಸ್ಸು ಕುಂದುವುದೆಂದು ಅವನೇ ಬೆದರಿಸಿರುವನು. ಆ ಮಾತು ಗೋವು, ಭೂಮಿ, ಹಿರಣ್ಯಗಳಿಗೆ ಸಂಬಂಧಪಟ್ಟುದು. ಒಬ್ಬನು ಮತ್ತೊಬ್ಬರ ಕೈಯಿಂದ ಅನ್ನವನ್ನು ಉಣ್ಣಬೇಕಾಗಿ ಬಂದಾಗ, ಮತ್ತೊಬ್ಬರ ಕೈಯಿಂದ ವಸ್ತ್ರವನ್ನು ಉಡಬೇಕಾಗಿ ಬಂದಾಗ, ಅವನ ಕರ್ತವ್ಯವೇನೆಂಬುದನ್ನು ನಾನು ಅರುವತ್ತಾರನೆಯ ವಯಸ್ಸಿನವರೆಗೂ ಆಲೋಚಿಸಿದವನಲ್ಲ. ಆಲೋಚಿಸುವಂತೆ ಮಾಡಿದ್ದು ನನ್ನ ಬಲಭುಜ.

ಕಳೆದ ವರ್ಷದ ಮಳೆಗಾಲದಲ್ಲಿ ಹಿತ್ತಿಲಿನ ಪಾಚಿಗಟ್ಟಿದ ಕಲ್ಲಿನ ಮೇಲೆ ಜಾರಿ, ಬಲಗೈಯನ್ನು ಊರಿ ಬಿದ್ದೆನು. ಎಲುಬು ಮುರಿದಿರಲಿಲ್ಲ, ಆದುದರಿಂದ ಎಣ್ಣೆ ಹಚ್ಚಿ ಬಿಸಿನೀರು ಹಾಕಿದರೆ ಸರಿಹೋಗುವುದೆಂದು ಎರಡು ತಿಂಗಳು ಕಳೆದೆನು. ಕೈಯು ಎದೆಯ ಮಟ್ಟಕ್ಕಿಂತ ಮೇಲೇಳದೆ, ರಾತ್ರಿ ಮಗ್ಗುಲಾಗಲು ಆಗದಿದ್ದಾಗ ವೈದ್ಯರಲ್ಲಿಗೆ ಹೋದೆನು. ಭುಜದ ಕೀಲಿನ ಗುಂಡನ್ನು ನಾಲ್ಕು ಮಾಂಸಖಂಡಗಳ ಕಂಡರಗಳು, ಎಂದರೆ ಎಲುಬಿಗೆ ಕಟ್ಟಿದ ಹುರಿಗಳು, ಸುತ್ತುವರಿದು ಹಿಡಿದಿರುವುವಂತೆ. ಇವುಗಳ ಸಮೂಹಕ್ಕೆ ರೊಟೇಟರ್ ಕಫ್ ಎಂದು ಹೆಸರು. ಅವುಗಳಲ್ಲಿ ಮೇಲಿನದಾದ ಸುಪ್ರಾಸ್ಪೈನೇಟಸ್ ಎಂಬುದರ ಕಂಡರವು ಎಲುಬಿನಿಂದ ಪೂರ್ತಿಯಾಗಿ ಹರಿದುಬಂದಿರುವುದಾಗಿ ಎಂ.ಆರ್.ಐ. ಚಿತ್ರವು ತೋರಿಸಿತು. ವಯಸ್ಸಾದಂತೆ ಈ ಹುರಿಯು ತಾನಾಗಿಯೇ ಸವೆಯುವುದುಂಟು. ಮೂವತ್ತನಾಲ್ಕು ವರ್ಷ ಕೈಯೆತ್ತಿ ಕರಿಹಲಗೆಯ ಮೇಲೆ ಬರೆದವನ ಹುರಿಯು ಮೊದಲೇ ಸವೆದಿದ್ದಿರಬಹುದು, ಬಿದ್ದದ್ದು ನೆಪವಾಯಿತು. ಜಿಲ್ಲಾ ಕೇಂದ್ರದ ಆಸ್ಪತ್ರೆಯೊಂದರಲ್ಲಿ ಶಸ್ತ್ರಚಿಕಿತ್ಸೆಯು ನಡೆಯಿತು. ಸಣ್ಣ ರಂಧ್ರಗಳ ಮೂಲಕ ಆರ್ಥ್ರೋಸ್ಕೋಪ್ ಎಂಬ ಕೊಳವೆಯನ್ನು ತೂರಿಸಿ, ಒಳಗಿನದನ್ನು ಪರದೆಯ ಮೇಲೆ ನೋಡುತ್ತ, ಎಲುಬಿಗೆ ಚಿಕ್ಕ ಗೂಟಗಳನ್ನು ನೆಟ್ಟು, ಅವುಗಳ ದಾರದಿಂದ ಕಂಡರವನ್ನು ಸ್ವಸ್ಥಾನಕ್ಕೆ ಎಳೆದು ಕಟ್ಟಿದರು.

ಮನೆಗೆ ಕಳುಹಿಸುವಾಗ ವೈದ್ಯರು ಹೇಳಿದ ಮಾತು ನನ್ನ ಮನಸ್ಸಿನಲ್ಲಿ ನಿಂತಿತು. "ಮೇಷ್ಟ್ರೇ, ನಾವು ಜೋಡಿಸಿಲ್ಲ, ಹತ್ತಿರ ತಂದು ಕಟ್ಟಿದ್ದೇವೆ ಅಷ್ಟೆ. ಜೋಡಿಸಬೇಕಾದದ್ದು ನಿಮ್ಮ ಶರೀರ. ಅದು ಜೋಡಿಸಿಕೊಳ್ಳುವವರೆಗೆ ಈ ಕೈ ನಿಮ್ಮದಲ್ಲವೆಂದು ತಿಳಿಯಿರಿ" ಎಂದರು. ಆರು ವಾರ ಕೈಯು ಸ್ಲಿಂಗ್ ಎಂಬ ಜೋಲಿಯಲ್ಲಿರಬೇಕು. ಆ ಕಾಲದಲ್ಲಿ ಅದನ್ನು ಇತರರು ಚಲಿಸಬಹುದೇ ಹೊರತು ನಾನು ಎತ್ತಕೂಡದು. ಅನಂತರ ಆರು ವಾರ ಸಹಾಯದೊಡನೆ ಎತ್ತಬಹುದು. ಮೂರು ತಿಂಗಳಾದ ಮೇಲೆಯೇ ಬಲ ಬರಿಸುವ ಸಾಧನೆ. ಪೂರ್ತಿ ಗುಣವಾಗಲು ಒಂದು ವರ್ಷವೇ ಹಿಡಿಯಬಹುದು. ಇದು ನನಗೆ ವಿಧಿಸಲ್ಪಟ್ಟ ಕ್ರಮ.

ಹಳೆಯ ಪಾಠಶಾಲೆಯಲ್ಲಿ ಓದಿದವನಿಗೆ ಯಾವುದೇ ವಿಚಾರವನ್ನು ಸಂಶಯ, ಪೂರ್ವಪಕ್ಷ, ಸಿದ್ಧಾಂತ ಎಂದು ವಿಂಗಡಿಸದ ಹೊರತು ತೃಪ್ತಿಯಿಲ್ಲ. ವಾಚಕರು ಈ ಅಭ್ಯಾಸವನ್ನು ಕ್ಷಮಿಸಬೇಕು. ಇಲ್ಲಿನ ಸಂಶಯವಿದು: ಅಶಕ್ತನಾದವನು ಪರರ ಸೇವೆಯನ್ನು ಆದಷ್ಟು ನಿರಾಕರಿಸುವುದು ಧರ್ಮವೋ, ಮನಃಪೂರ್ವಕವಾಗಿ ಸ್ವೀಕರಿಸುವುದು ಧರ್ಮವೋ?

ಪೂರ್ವಪಕ್ಷವು ಬೇರೆಯವರದಲ್ಲ, ನನ್ನದೇ. ಪರಾಧೀನತೆಯು ದುಃಖವೆಂದು ಸ್ಮೃತಿಗಳೂ ಒಪ್ಪುವುವು. ನಾನು ಸಾಲಮಾಡಿದವನಲ್ಲ, ಶಿಷ್ಯರಿಂದ ಪಾಠಕ್ಕಾಗಿ ಹಣವನ್ನು ತೆಗೆದುಕೊಂಡವನಲ್ಲ, ನನ್ನ ಬಟ್ಟೆಯನ್ನು ನಾನೇ ಒಗೆದುಕೊಂಡು, ನನ್ನ ಹಾಸಿಗೆಯನ್ನು ನಾನೇ ಸುತ್ತಿಟ್ಟವನು. ಇತರರಿಗೆ ಭಾರವಾಗದಿರುವುದೇ ವೃದ್ಧನ ಮೊದಲ ಧರ್ಮವೆಂದು ಅನೇಕ ಸಭೆಗಳಲ್ಲಿ ಹೇಳಿಯೂ ಇದ್ದೆನು. ಆದುದರಿಂದ ಶಸ್ತ್ರಚಿಕಿತ್ಸೆಯಾಗಿ ಮನೆಗೆ ಬಂದ ದಿನ, ಎಷ್ಟು ಕಷ್ಟವಾದರೂ ಯಾರಿಂದಲೂ ಏನನ್ನೂ ಮಾಡಿಸಿಕೊಳ್ಳಬಾರದೆಂದು ಸಂಕಲ್ಪಮಾಡಿದೆನು. ಇದು ಸಾತ್ವಿಕವಾದ ಸಂಕಲ್ಪವೆಂದೇ ನನ್ನ ನಂಬಿಕೆಯಾಗಿತ್ತು.

ಆ ನಂಬಿಕೆಗೆ ಮೊದಲ ಪೆಟ್ಟು ಬಿದ್ದದ್ದು ಅದೇ ರಾತ್ರಿಯ ಊಟದಲ್ಲಿ. ಎಡಗೈಯಲ್ಲಿ ಉಣ್ಣುವುದಕ್ಕೆ ಸಂಸ್ಕಾರವು ಅಡ್ಡಬಂದಿತು. ಚಮಚದಲ್ಲಿ ಪ್ರಯತ್ನಿಸಿದರೆ ಸಾರು ಪಂಚೆಯ ಮೇಲೆ ಚೆಲ್ಲಿತು. ನನ್ನ ಪತ್ನಿಯು ಅನ್ನವನ್ನು ಕಲಸಿ ತುತ್ತನ್ನು ಎತ್ತಿದಾಗ ನಾನು, "ಹಸಿವಿಲ್ಲ, ಬಿಡು" ಎಂದೆನು. ಆಕೆಯು ತುತ್ತನ್ನು ಕೆಳಗಿಡಲಿಲ್ಲ. "ಮೂವತ್ತೊಂಬತ್ತು ವರ್ಷ ನಾನು ಬೇಯಿಸಿ ಬಡಿಸಿದ್ದನ್ನು ಉಂಡಿದ್ದೀರಿ. ಒಲೆಯಿಂದ ಎಲೆಯವರೆಗೆ ನಾನು ತಂದರೆ ಇಲ್ಲದ ಸಂಕೋಚ, ಎಲೆಯಿಂದ ಬಾಯಿಯವರೆಗೆ ತಂದರೆ ಬಂದಿತೆ? ಇದು ಯಾವ ಲೆಕ್ಕವೋ ನನಗೆ ತಿಳಿಯದು" ಎಂದಳು.

ಲೆಕ್ಕವನ್ನು ಕಲಿಸಿದ ಮೇಷ್ಟರಿಗೆ ಉತ್ತರ ಹೊಳೆಯಲಿಲ್ಲ. ಆ ತುತ್ತನ್ನು ಉಂಡೆನು. ಆದರೆ ಮಾತು ಒಳಗೆ ಕುಳಿತಿತು. ಯಾರ ಋಣವೂ ಇಲ್ಲವೆಂದು ಹೇಳಿಕೊಳ್ಳುತ್ತಿದ್ದ ನಾನು, ಪ್ರತಿದಿನವೂ ಎರಡು ಹೊತ್ತು ಋಣವನ್ನು ಉಣ್ಣುತ್ತಲೇ ಇದ್ದೆನು. ಅದು ವಾಡಿಕೆಯಾಗಿದ್ದುದರಿಂದ ಕಣ್ಣಿಗೆ ಬೀಳುತ್ತಿರಲಿಲ್ಲ. ಈಗ ಬಿದ್ದಿತು. ಹಾಗಾದರೆ ನನ್ನ ಸಂಕೋಚವು ಸೇವೆಯನ್ನು ಪಡೆಯುವುದರಿಂದ ಬಂದುದಲ್ಲ, ಪಡೆಯುವುದು ಕಾಣಿಸಿಕೊಂಡಿತಲ್ಲ ಎಂಬುದರಿಂದ ಬಂದುದು. ನಾನು ಸ್ವಾವಲಂಬನವೆಂದು ಕರೆದಿದ್ದ ಗುಣದ ಬಹುಭಾಗವು ಮರೆವೇ ಆಗಿತ್ತು.

ಇಷ್ಟಾದರೂ ಅಹಂಕಾರವು ಒಂದು ತುತ್ತಿಗೆ ಕರಗುವ ವಸ್ತುವಲ್ಲ. ಮೂರನೆಯ ವಾರದ ಒಂದು ಬೆಳಗಿನ ಜಾವ, ಪತ್ನಿಯನ್ನು ಎಬ್ಬಿಸುವುದೇಕೆಂದು ಒಬ್ಬನೇ ಎದ್ದು ಬಚ್ಚಲುಮನೆಗೆ ಹೋದೆನು. ಮುಖ ತೊಳೆದು, ಮೊಳೆಗೆ ತೂಗುಹಾಕಿದ್ದ ಟವಲನ್ನು ತೆಗೆಯಲು ಕಟ್ಟಿದ್ದ ಕೈಯನ್ನೇ ಅಭ್ಯಾಸಬಲದಿಂದ ಜೋಲಿಯಿಂದ ಬಿಡಿಸಿ ಮೇಲೆತ್ತಿಬಿಟ್ಟೆನು. ಬೆಂಕಿಯ ಕೊಳ್ಳಿಯನ್ನು ಕೀಲಿನಲ್ಲಿ ಇಟ್ಟಂತಾಯಿತು. ಗೋಡೆಯನ್ನು ಹಿಡಿದು ಕುಸಿದೆನು. ಸಪ್ಪಳಕ್ಕೆ ಮನೆಯವರೆಲ್ಲರೂ ಎದ್ದರು. ಕತ್ತಲಲ್ಲಿಯೇ ಮಗನು ಕಾರನ್ನು ತರಿಸಿದನು. ಆಸ್ಪತ್ರೆಯಲ್ಲಿ ಪುನಃ ಪರೀಕ್ಷೆಯಾಗಿ, ಹೊಲಿಗೆಯು ಬಿಟ್ಟಿಲ್ಲವೆಂದು ತಿಳಿಯುವವರೆಗೆ ಯಾರೂ ನೀರನ್ನೂ ಕುಡಿಯಲಿಲ್ಲ. ಅಂದಿನಿಂದ ನನ್ನ ಪತ್ನಿಯು ನನ್ನ ಮಂಚದ ಪಕ್ಕದಲ್ಲಿ ಚಾಪೆ ಹಾಸಿಕೊಂಡು ಮಲಗತೊಡಗಿದಳು. ಕುರ್ಚಿಗೆ ಒರಗಿದಂತೆ ದಿಂಬುಗಳಿಗೆ ಒರಗಿ ನಾನು ನಿದ್ರಿಸಬೇಕಾಗಿದ್ದಿತು. ಸ್ವಲ್ಪ ಸರಿದರೂ ಆಕೆಗೆ ಎಚ್ಚರವಾಗುತ್ತಿತ್ತು. ಆಕೆಯ ಒಂದು ನಿಮಿಷದ ನಿದ್ರೆಯನ್ನು ಉಳಿಸಲು ಹೋಗಿ ಒಂದು ತಿಂಗಳ ನಿದ್ರೆಯನ್ನು ಕಳೆದೆನು.

ಸೇವೆಯನ್ನು ನಿರಾಕರಿಸಿದರೆ ಸೇವಕರ ಭಾರವು ಕಡಮೆಯಾಗುವುದೆಂಬ ಪೂರ್ವಪಕ್ಷದ ಯುಕ್ತಿಯು ಇಲ್ಲಿಗೆ ಮುರಿದುಬಿದ್ದಿತು. ಬೇಕಾದುದನ್ನು ಬೇಡವೆನ್ನುವ ರೋಗಿಯು ಶುಶ್ರೂಷೆಯ ಜೊತೆಗೆ ಕಾವಲನ್ನೂ ಅವರ ಮೇಲೆ ಹೊರಿಸುತ್ತಾನೆ.

ಆ ದಿನಗಳಲ್ಲಿ ಓದಿಗೆ ಬೇಕಾದಷ್ಟು ಅವಕಾಶವಿದ್ದಿತು. ಮೊಮ್ಮಗನು ಹಾಳೆ ತಿರುವುತ್ತಿರಲು ಚರಕಸಂಹಿತೆಯ ಸೂತ್ರಸ್ಥಾನವನ್ನು ನೋಡುತ್ತಿದ್ದೆನು. ಅದರ ಒಂಬತ್ತನೆಯ ಅಧ್ಯಾಯದಲ್ಲಿ ಚಿಕಿತ್ಸೆಯ ನಾಲ್ಕು ಪಾದಗಳು ಹೇಳಲ್ಪಟ್ಟಿವೆ: ವೈದ್ಯ, ಔಷಧದ್ರವ್ಯ, ಪರಿಚಾರಕ, ರೋಗಿ. ಒಂದೊಂದಕ್ಕೆ ನಾಲ್ಕು ನಾಲ್ಕರಂತೆ ಹದಿನಾರು ಗುಣಗಳು. ವಿದ್ಯಾರ್ಥಿದೆಸೆಯಲ್ಲಿ ಇದನ್ನು ಕೇಳಿದ್ದೆನಾದರೂ, ನಾಲ್ಕನೆಯ ಪಾದದ ವಿಶೇಷವು ಆಗ ಹೊಳೆದಿರಲಿಲ್ಲ. ಚಿಕಿತ್ಸೆಗೆ ವಿಷಯನಾದ ರೋಗಿಯನ್ನು ಚಿಕಿತ್ಸೆಯ ಪಾದಗಳಲ್ಲಿಯೇ ಒಂದಾಗಿ ಆಚಾರ್ಯನು ಎಣಿಸಿರುವನಲ್ಲ! ವೈದ್ಯನು ಪ್ರಧಾನನೆಂದು ಒಪ್ಪಿದರೂ, ರೋಗಿಗೂ ಒಂದು ಅಧಿಕಾರಸ್ಥಾನವುಂಟು. ಅದಕ್ಕೆ ತಕ್ಕ ಗುಣಗಳುಂಟು. ಸ್ಮೃತಿ, ಹೇಳಿದಂತೆ ನಡೆಯುವಿಕೆ, ನಿರ್ಭಯತೆ, ತನ್ನ ವ್ಯಾಧಿಯನ್ನು ತಿಳಿಯಹೇಳುವ ಸಾಮರ್ಥ್ಯ, ಈ ನಾಲ್ಕು. ಪರಿಚಾರಕನಿಗೆ ಹೇಳಿದ ಗುಣಗಳು ಶುಶ್ರೂಷೆಯ ಜ್ಞಾನ, ದಕ್ಷತೆ, ಅನುರಾಗ, ಶುಚಿತ್ವ. ಒಬ್ಬರ ಅನುರಾಗಕ್ಕೆ ಮತ್ತೊಬ್ಬರ ವಿಧೇಯತೆಯು ಒದಗದಿದ್ದರೆ ಎರಡೂ ವ್ಯರ್ಥವಾಗುವುವು. ಹೀಗಿರುವಲ್ಲಿ ಸ್ವೀಕರಿಸುವುದನ್ನು ಸುಮ್ಮನೆ ಬಿದ್ದಿರುವುದೆಂದು ತಿಳಿಯುವುದು ತಪ್ಪು. ಅದೂ ಒಂದು ಕರ್ಮ, ಅದಕ್ಕೂ ಶಿಕ್ಷಣ ಬೇಕು.

ಆ ಶಿಕ್ಷಣವನ್ನು ನನಗೆ ಕೊಟ್ಟವಳು ನನ್ನ ಮೊಮ್ಮಗಳೆನ್ನಬಹುದಾದ ವಯಸ್ಸಿನ ಫಿಸಿಯೋಥೆರಪಿಯ ಹುಡುಗಿ. ನಾನು ಅಂಗಾತ ಮಲಗಿರುವಾಗ ಮೊಣಕೈ ಮತ್ತು ಮಣಿಕಟ್ಟುಗಳನ್ನು ಹಿಡಿದು ಆಕೆಯು ನನ್ನ ಕೈಯನ್ನು ಮೆಲ್ಲಗೆ ಎತ್ತುತ್ತಿದ್ದಳು. ಮೊದಲ ದಿನವೇ, "ಸಾರ್, ಕೈ ನನಗೆ ಬಿಡಿ. ನೀವೇ ಎತ್ತುತ್ತಿದ್ದೀರಿ" ಎಂದಳು. "ಇಲ್ಲವಮ್ಮ, ಬಿಟ್ಟಿದ್ದೇನೆ" ಎಂದೆನು. "ಬಿಟ್ಟಿಲ್ಲ ಸಾರ್, ನಿಮಗೆ ಗೊತ್ತಾಗುತ್ತಿಲ್ಲ" ಎಂದು ತನ್ನ ಕೈಯನ್ನು ಒಮ್ಮೆ ಸಡಿಲಿಸಿದಳು. ನನ್ನ ತೋಳು ಕೆಳಗೆ ಇಳಿಯದೆ ಗಾಳಿಯಲ್ಲಿಯೇ ನಿಂತಿತ್ತು! ಆಕೆಯು ಕೂಡಲೇ ಹಿಡಿದುಕೊಂಡಳು. ಬಿಟ್ಟಿದ್ದೇನೆಂದು ಬಾಯಿ ಹೇಳುತ್ತಿತ್ತು, ಮಾಂಸಖಂಡವು ಬಿಟ್ಟಿರಲಿಲ್ಲ. ಆ ಬಿಗಿತವೇ ಹೊಸ ಹೊಲಿಗೆಯನ್ನು ಎಳೆಯುವುದಂತೆ. ಪರರ ಕೈಯಲ್ಲಿ ತನ್ನ ಕೈಯನ್ನು ಪೂರ್ತಿಯಾಗಿ ಇಡುವುದಕ್ಕೆ ನನಗೆ ಒಂಬತ್ತು ದಿನಗಳು ಹಿಡಿದವು. ಅಮರಕೋಶವನ್ನು ಕಂಠಪಾಠಮಾಡುವಾಗಲೂ ಇಷ್ಟು ತಪ್ಪುಗಳನ್ನು ಮಾಡಿದ್ದ ನೆನಪಿಲ್ಲ.

ಮುಂದಕ್ಕೆ ಬಾಗಿ ನಿಂತು, ಕೈಯನ್ನು ಜೋಲುಬಿಟ್ಟು, ಶರೀರವನ್ನು ತೂಗಿಸಿ ಕೈಯನ್ನು ಲೋಲಕದಂತೆ ಆಡಿಸುವ ಮತ್ತೊಂದು ಸಾಧನೆಯೂ ಇತ್ತು. ಅಲ್ಲಿಯೂ ಅದೇ ನಿಯಮ: ಕೈಯು ಆಡಬೇಕು, ಆದರೆ ಕೈಯೇ ಆಡಬಾರದು. ಅಮೆರಿಕದ ಬಾಸ್ಟನ್ ನಗರದ ಕಾಡ್ಮನ್ ಎಂಬ ಶಸ್ತ್ರವೈದ್ಯನ ಹೆಸರಿನಿಂದ ಇದು ಪ್ರಸಿದ್ಧವಾಗಿದೆ. ಹರಿದ ಈ ಕಂಡರವನ್ನು ಹೊಲಿದ ವೃತ್ತಾಂತವನ್ನು ಅವನು 1911ರಲ್ಲಿ ಪ್ರಕಟಿಸಿ, 1934ರಲ್ಲಿ ಭುಜವನ್ನೇ ಕುರಿತು ಒಂದು ದೊಡ್ಡ ಗ್ರಂಥವನ್ನು ಬರೆದನು. 1918ರಲ್ಲಿ ಜಪಾನಿನ ಟಕಾಗಿ ಎಂಬ ವೈದ್ಯನು ಮೂತ್ರಕೋಶವನ್ನು ನೋಡುವ ನಳಿಗೆಯಿಂದ ಮೃತದೇಹದ ಮೊಣಕಾಲಿನ ಕೀಲಿನೊಳಗೆ ಇಣುಕಿ ನೋಡಿದ್ದೇ ಇಂದಿನ ಕೀಲುದರ್ಶಕಕ್ಕೆ ನಾಂದಿಯಾಯಿತು. ನಮ್ಮ ಸುಶ್ರುತನಾದರೋ ಅದಕ್ಕೆ ಬಹಳ ಶತಮಾನಗಳ ಹಿಂದೆಯೇ, ಭುಜದ ಕೀಲು ಜಾರಿದಾಗ ಒನಕೆಯಿಂದ ಕಂಕುಳನ್ನು ಎತ್ತಿ ಸ್ಥಾನಕ್ಕೆ ತಂದು ಸ್ವಸ್ತಿಕದಂತೆ ಕಟ್ಟಬೇಕೆಂದು ಹೇಳಿರುವನು. ಇವರಲ್ಲಿ ಒಬ್ಬರಿಗೂ ನಾನು ಏನನ್ನೂ ಹಿಂದಿರುಗಿಸಲಾರೆನು. ಆದರೂ ಅವರ ಕೈಗಳೆಲ್ಲವೂ ನನ್ನ ಭುಜದಲ್ಲಿ ಕೆಲಸಮಾಡಿರುವುವು.

ಇಲ್ಲಿಯೇ ಋಣವಿಚಾರವು ಬರುತ್ತದೆ. ದೇವಋಣ, ಋಷಿಋಣ, ಪಿತೃಋಣಗಳೆಂಬ ಮೂರು ಋಣಗಳೊಡನೆಯೇ ಮನುಷ್ಯನು ಹುಟ್ಟುವನೆಂದು ವೇದವು ಹೇಳುತ್ತದೆ. ಇವುಗಳನ್ನು ತೀರಿಸುವ ಬಗೆಯನ್ನು ನೋಡಿರಿ. ಋಷಿಗಳ ಋಣವು ಅಧ್ಯಯನದಿಂದಲೂ, ತಂದೆತಾಯಿಗಳ ಋಣವು ತನ್ನ ಮಕ್ಕಳಿಂದಲೂ ತೀರುವುದಾಗಿದೆ. ಕೊಟ್ಟವರಿಗೇ ಅಳೆದು ಹಿಂದಿರುಗಿಸುವುದು ಅಂಗಡಿಯ ಸಾಲದ ರೀತಿ. ಈ ಋಣಗಳಾದರೋ ಮುಂದಿನವರ ಕಡೆಗೆ ಹರಿಯತಕ್ಕವು. ಪತ್ನಿಯು ಎತ್ತಿದ ತುತ್ತನ್ನು ಅಂಗಡಿಯ ಸಾಲವೆಂದು ನಾನು ಎಣಿಸಿದ್ದುದರಿಂದಲೇ ಅದು ಗಂಟಲಲ್ಲಿ ನಿಂತಿತು.

ಆದರೆ ಸಿದ್ಧಾಂತವನ್ನು ಹೇಳುವುದಕ್ಕೆ ಮೊದಲು ಮತ್ತೊಂದು ಕಡೆಯ ದೋಷವನ್ನೂ ಹೇಳಬೇಕು. ಇಲ್ಲದಿದ್ದರೆ ಈ ಲೇಖನವು ಸೋಮಾರಿಗಳಿಗೆ ಪ್ರಮಾಣವಾದೀತು. ಹನ್ನೆರಡು ವಾರಗಳಾದ ಮೇಲೆ ವೈದ್ಯರು ಸಣ್ಣ ಕೆಲಸಗಳಿಗೆ ಅಪ್ಪಣೆಕೊಟ್ಟರು. ಅಷ್ಟರಲ್ಲಿ ಕೂಗಿದೊಡನೆ ನೀರು ಬರುವುದು, ಕೇಳುವುದಕ್ಕೆ ಮೊದಲೇ ಕನ್ನಡಕ ಬರುವುದು ನನಗೆ ರೂಢಿಯಾಗಿಹೋಗಿತ್ತು. ಒಂದು ಮಧ್ಯಾಹ್ನ ಎದುರಿನ ಮೇಜಿನ ಮೇಲೆಯೇ ಇದ್ದ ಪಂಚಾಂಗವನ್ನು ಕೊಡೆಂದು ಒಳಗೆ ಆಡುತ್ತಿದ್ದ ಮೊಮ್ಮಗನನ್ನು ಕರೆದೆನು. ಅವನು ಪಂಚಾಂಗವನ್ನೂ ನನ್ನನ್ನೂ ನೋಡಿ, "ತಾತ, ನಿನ್ನ ಕೈ ವಾಸಿಯಾಯಿತು ಅಂತ ಡಾಕ್ಟರು ಹೇಳಿದರಲ್ಲ?" ಎಂದು ಕೇಳಿದನು. ಮಗುವಿನ ಮಾತಿನಲ್ಲಿ ಕುಚೋದ್ಯವಿರಲಿಲ್ಲ, ನಿಜವಾದ ಸಂದೇಹವಿತ್ತು. ನಾನೇ ಎದ್ದು ಪಂಚಾಂಗವನ್ನು ತೆಗೆದುಕೊಂಡೆನು. ತುತ್ತನ್ನು ನಿರಾಕರಿಸಿದಾಗ ಇದ್ದ ಅಹಂಕಾರವೇ ವೇಷ ಬದಲಿಸಿ ಈಗ ಯಜಮಾನಿಕೆಯಾಗಿ ಕುಳಿತಿತ್ತು. ಎರಡರಲ್ಲಿಯೂ ನನ್ನ ಗಮನವು ನನ್ನ ಮೇಲೆಯೇ ಹೊರತು, ಸೇವೆಮಾಡುವವರ ಮೇಲೆ ಇರಲಿಲ್ಲ.

ಸುಶ್ರುತನು ಮುರಿದ ಅಂಗವನ್ನು ಕಟ್ಟುವ ಬಗೆಗೆ ಹೇಳಿರುವ ನಿಯಮವು ಇಲ್ಲಿಯೂ ಸಲ್ಲುತ್ತದೆ. ಕಟ್ಟು ತೀರ ಸಡಿಲವಾದರೆ ಕೀಲು ನಿಲ್ಲದು. ತೀರ ಬಿಗಿಯಾದರೆ ಊತ, ನೋವು, ಕೀವು ಆಗುವುವು. ಆದುದರಿಂದ ಮಧ್ಯಮವಾದ ಕಟ್ಟೇ ಪ್ರಶಸ್ತವೆಂದು ಅವನ ಮತ. ನಾನು ಅನುಭವದಿಂದ ಒಪ್ಪಿದ ಸಿದ್ಧಾಂತವು ಇಷ್ಟು: ಬೇಕಾದ ಸೇವೆಯನ್ನು ಬಿಗಿಹಿಡಿಯದೆ ಸ್ವೀಕರಿಸಬೇಕು, ನೋವನ್ನು ಮುಚ್ಚಿಡದೆ, ಹೆಚ್ಚಿಸಿಯೂ ಹೇಳದೆ, ಇದ್ದಷ್ಟನ್ನು ಇದ್ದಂತೆ ತಿಳಿಸಬೇಕು, ಕೈಯು ಬಲಿತಷ್ಟೂ ಭಾರವನ್ನು ಹಿಂದಕ್ಕೆ ತೆಗೆದುಕೊಳ್ಳಬೇಕು. ಇದು ಒಮ್ಮೆ ನಿರ್ಣಯಿಸಿ ಬಿಡುವ ವಿಷಯವಲ್ಲ. ಮೊದಲ ವಾರದಲ್ಲಿ ಧರ್ಮವಾಗಿದ್ದುದು ಹದಿಮೂರನೆಯ ವಾರದಲ್ಲಿ ಅಧರ್ಮವಾಗಬಹುದು. ಬೇಗ ಎತ್ತಿದರೆ ಕಂಡರವು ಹರಿಯುವುದು, ಎತ್ತದೆಯೇ ಬಿಟ್ಟರೆ ಕೀಲು ಮರಗಟ್ಟುವುದು.

ಇದಕ್ಕೆ ಒಂದು ಆಕ್ಷೇಪವುಂಟು; ಅದು ನ್ಯಾಯವಾದುದೇ. "ನಿಮಗೆ ಪತ್ನಿಯಿದ್ದಳು, ಮಗನಿದ್ದನು, ಸೊಸೆಯಿದ್ದಳು, ಯಾರೂ ಇಲ್ಲದವನು ಏನುಮಾಡಬೇಕು? ಮನೆಯಲ್ಲಿ ಎಲ್ಲರ ಶುಶ್ರೂಷೆಯನ್ನೂ ಮಾಡುವ ಹೆಂಗಸು ತಾನೇ ಮಲಗಿದರೆ ಆಕೆಗೆ ಮಾಡುವವರು ಯಾರು?" ಎಂದು ಕೇಳಬಹುದು. ಮೊದಲನೆಯದಕ್ಕೆ ನನ್ನಲ್ಲಿ ಸಮರ್ಪಕವಾದ ಉತ್ತರವಿಲ್ಲ. ನೆರೆಹೊರೆಯವರು ನೆರೆಹೊರೆಯಾಗಿರಬೇಕೆಂಬುದನ್ನು ಬಿಟ್ಟು ಬೇರೆ ಹೇಳಲಾರೆನು. ಎರಡನೆಯದಕ್ಕೆ ಉತ್ತರವನ್ನು ಮಾತಿನಲ್ಲಿ ಕೊಡಬಾರದೆಂದು ತಿಳಿದಿದ್ದೇನೆ. ಸೇವೆಯ ಮಹಿಮೆಯನ್ನು ಗಂಡಸರು ಉಪನ್ಯಾಸಮಾಡಿ, ಸೇವೆಯನ್ನು ಹೆಂಗಸರು ಮಾಡುವ ಪದ್ಧತಿಗೆ ನಾನೂ ಬಹುಕಾಲ ಭಾಗಿಯಾಗಿದ್ದವನೇ.

ಈ ವರ್ಷದ ಚೈತ್ರದಲ್ಲಿ ನನ್ನ ಪತ್ನಿಗೆ ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಯಾಯಿತು. ಕೆಲವು ದಿನ ಒಲೆಯ ಬಳಿಗೆ ಹೋಗಬಾರದು, ಬಾಗಿ ಭಾರವನ್ನು ಎತ್ತಬಾರದು ಎಂದು ಹೇಳಿದ್ದರು. ಮರುದಿನ ಬೆಳಿಗ್ಗೆ ನಾನು ಕಾಫಿಯನ್ನು ಮಾಡಿ ಲೋಟವನ್ನು ತಂದಾಗ ಆಕೆಯು ಗಾಬರಿಯಿಂದ ಎದ್ದು ಕುಳಿತು, "ನಿಮಗೇಕೆ ಇದೆಲ್ಲ? ಕೈ ನೋವು ಬಂದೀತು, ಇಡಿ, ನಾನೇ ಮಾಡಿಕೊಳ್ಳುತ್ತೇನೆ" ಎಂದಳು. ಜನ್ಮವೆಲ್ಲ ಕೊಟ್ಟವರಿಗೆ ಪಡೆಯುವುದು ಮತ್ತಷ್ಟು ಕಷ್ಟವೆಂದು ಆಗ ತಿಳಿಯಿತು. "ಇದು ಯಾವ ಲೆಕ್ಕವೋ ನನಗೆ ತಿಳಿಯದು" ಎಂದು ಆಕೆಯ ಮಾತನ್ನೇ ಆಕೆಗೆ ಹೇಳಿದೆನು. ಆಕೆಯು ನಕ್ಕು ಕಾಫಿಯನ್ನು ಕುಡಿದಳು. ಡಿಕಾಕ್ಷನ್ ಹೆಚ್ಚಾಗಿತ್ತೆಂದು ಸಂಜೆ ಸೊಸೆಯ ಹತ್ತಿರ ಹೇಳಿದಳೆಂದು ಕೇಳಿದೆನು. ನನ್ನ ಮುಂದೆ ಹೇಳಲಿಲ್ಲ. ಅದನ್ನೂ ಹೇಳುವಷ್ಟು ಸಲಿಗೆಯು ರೋಗಿಗೆ ಇರಬೇಕೆಂದು ಚರಕನ ನಾಲ್ಕನೆಯ ಗುಣವನ್ನು ಆಕೆಗೆ ವಿವರಿಸಿದೆನು. ಮರುದಿನ ನೇರವಾಗಿಯೇ ಹೇಳಿದಳು.

ನನ್ನ ಕೈಯು ಈಗ ತಲೆಯ ಮಟ್ಟಕ್ಕೆ ಏಳುತ್ತದೆ. ಅದಕ್ಕಿಂತ ಮೇಲೆ ಸ್ವಲ್ಪ ತಡೆಯುತ್ತದೆ. ಮುಂದೆ ಏಳುವುದೋ ಇಲ್ಲವೋ, ಆ ವಿಚಾರದಲ್ಲಿ ಈಗ ಚಿಂತೆಯಿಲ್ಲ. ಬಚ್ಚಲುಮನೆಯ ಟವಲಿನ ಮೊಳೆಯನ್ನು ಮಗನು ಒಂದು ಗೇಣು ಕೆಳಗೆ ಹೊಡೆದಿದ್ದಾನೆ. ನಾನು ಕೇಳಿರಲಿಲ್ಲ. ಮೊದಲಾಗಿದ್ದರೆ, ಹಳೆಯ ಮೊಳೆಯೇ ನನಗೆ ಎಟಕುತ್ತದೆ ಎನ್ನುತ್ತಿದ್ದೆನು. ಈಗ ದಿನವೂ ಅದರಿಂದಲೇ ಟವಲನ್ನು ತೆಗೆದುಕೊಳ್ಳುತ್ತೇನೆ.